ಗುಳಿಮಂಡಲದ ಬಗ್ಗೆ ವಿಕಿಪೀಡಿಯದಲ್ಲಿ ಬರೀಲಿಕ್ಕೆ ಹಾವಿನ ಪಂಡಿತರೇ ಆಗ್ಬೇಕಾ?

ಓದುಗರ ಪ್ರಶ್ನೆ: "ಅಣ್ಣಾ, ನಮ್ದು ಹೆಬ್ರಿಯಿಂದ ಸ್ವಲ್ಪ ಒಳಗೆ, ಸೋಮೇಶ್ವರದ ಕಾಡಿನ ಬದಿ. ಮಳೆಗಾಲ ಶುರುವಾದ್ರೆ ತೋಟದ ಬದಿಯ ತೋಡಿನ ಹತ್ರ ಗುಳಿಮಂಡಲ ಕೂತಿರ್ತದೆ, ಮೊಬೈಲಲ್ಲಿ ತೆಗ್ದ ಒಳ್ಳೆ ಫೋಟೋನೂ ಉಂಟು. ನಮ್ಮ ಕಡೆಯ ಹಾವುಗಳ ಬಗ್ಗೆ ವಿಕಿಪೀಡಿಯದಲ್ಲಿ ಕನ್ನಡದಲ್ಲಿರುದು ಸಾಕಾಗುದಿಲ್ಲ ಅಂತ ಕಾಣ್ತದೆ. ನಾನು ಓದಿದ್ದು ಬಿ.ಕಾಂ. ನನ್ನಂಥವರು ಕೈ ಹಾಕ್ಬಹುದಾ? ಹಾಕಿದ್ರೆ ಎಲ್ಲಿಂದ ಶುರು ಮಾಡುದು?"

ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರ್ತಾನೇ ಇರ್ತದೆ, ಕೆಲವರದ್ದು ಹಾರುವ ಹಾವು, ಕೆಲವರದ್ದು ಕಾಳಿಂಗ, ಇವರದ್ದು ಗುಳಿಮಂಡಲ. ಧಾರಾಳ ಕೈ ಹಾಕ್ಬಹುದು ಮಾರಾಯ್ರೆ. ಬಿ.ಕಾಂ. ಆದ್ರೆ ಇನ್ನೂ ಒಳ್ಳೇದು, ಲೆಕ್ಕ ತಾಳೆ ನೋಡುವ ಅಭ್ಯಾಸ ಇರ್ತದಲ್ಲ, ಇಲ್ಲಿ ಬೇಕಾದ್ದು ಅದೇ. ಆದ್ರೆ ಲೇಖನ ಚಿಕ್ಕದುಂಟು ಅಂತ ಕಂಡ ಕೂಡ್ಲೆ ಹೆಚ್ಚಿನವರು ಸಿಕ್ಕಿದ್ದನ್ನೆಲ್ಲ ತುಂಬಿಸ್ಲಿಕ್ಕೆ ಹೊರಡ್ತಾರೆ, ಅಲ್ಲೇ ಎಡವಟ್ಟಾಗುದು. ಹಾವಿನ ಲೇಖನದಲ್ಲಿ ಮೊದ್ಲ ಕೆಲಸ ಸೇರಿಸುದಲ್ಲ, ಬೇರೆ ಹಾವಿನ ವಿಷಯ ಇದರೊಳಗೆ ಎಲ್ಲೆಲ್ಲಿ ನುಸುಳಿದೆ ಅಂತ ಹುಡುಕಿ ತೆಗೆಯುದು.

ಯಾಕೆ ಹೇಳಿದ್ರೆ ನಮ್ಮಲ್ಲಿ ಮರದ ಮೇಲೆ ಹಸಿರಾಗಿ ಕಂಡದ್ದೆಲ್ಲ "ಹಸಿರು ಹಾವು", ಮುಗೀತು. ನೆಟ್ಟಲ್ಲಿ ಹುಡುಕಿದ್ರೂ ಅದೇ ಗೊಂದಲ. ಬಳ್ಳಿ ಹಾವು ಬೇರೆ, ಬಿದಿರು ಗುಳಿಮಂಡಲ ಬೇರೆ, ನೀವು ಕೇಳ್ತಿರುವ ಮಲಬಾರ್ ಗುಳಿಮಂಡಲ ಬೇರೆ. ಬಳ್ಳಿ ಹಾವು ಸಪೂರ, ಮೂತಿ ಉದ್ದ ಚೂಪು, ಹಗಲು ಓಡಾಡ್ತದೆ, ಕಣ್ಣಿನ ಪಾಪೆ ಅಡ್ಡಕ್ಕೆ ಇರ್ತದೆ, ಹೆದರಿದ್ರೆ ಮೈ ಉಬ್ಬಿಸಿ ಹುರುಪೆಗಳ ನಡುವಿನ ಕಪ್ಪು ಬಿಳಿ ಚರ್ಮ ತೋರಿಸ್ತದೆ. ವಿಷ ಉಂಟು, ಆದ್ರೆ ಹಲ್ಲು ಬಾಯಿಯ ಹಿಂದಿನ ಭಾಗದಲ್ಲಿ, ಮನುಷ್ಯರಿಗೆ ಅಂಥ ಅಪಾಯ ಇಲ್ಲ. ಕಣ್ಣಿಗೇ ಕುಕ್ಕುತ್ತದೆ ಅಂತ ಅಜ್ಜಿಯಂದಿರು ಹೆದರಿಸ್ತಾ ಇದ್ದದ್ದು ಇದರ ಹೆಸರಲ್ಲೇ, ಪಾಪ ಅದು. ಗುಳಿಮಂಡಲದ ತಲೆ ತ್ರಿಕೋನ, ಕುತ್ತಿಗೆ ಸಪೂರ, ಮೈ ದಪ್ಪ, ಪಾಪೆ ಬೆಕ್ಕಿನ ಹಾಗೆ ಉದ್ದಕ್ಕೆ ಸೀಳಿದ ಹಾಗಿರ್ತದೆ, ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಎರಡೂ ಬದಿ ಒಂದೊಂದು ಗುಳಿ. ಆ ಗುಳಿಯಿಂದ ಬಿಸಿ ರಕ್ತದ ಪ್ರಾಣಿಯ ಶಾಖ ಅದಕ್ಕೆ ಕತ್ತಲಲ್ಲೂ ಗೊತ್ತಾಗ್ತದೆ. ಬಾಲದಲ್ಲಿ ರೆಂಬೆ ಹಿಡ್ಕೊಂಡು ಅಲ್ಲಾಡದೆ ಕೂತಿರ್ತದೆ, ಬೇಟೆ ತಾನಾಗಿ ಹತ್ರ ಬರುವವರೆಗೂ ಕಾಯ್ತದೆ, ಅದಕ್ಕೇ ನಿಮ್ಮ ತೋಡಿನ ಬದಿ ಮತ್ತೆ ಮತ್ತೆ ಅದೇ ಜಾಗದಲ್ಲಿ ಕಾಣಿಸುದು.

ಈಗ ಮುಖ್ಯ ತೊಂದರೆ ಬಣ್ಣದ್ದು. ಮಲಬಾರ್ ಗುಳಿಮಂಡಲ ಹಸಿರೇ ಇರ್ಬೇಕು ಅಂತ ಇಲ್ಲ, ಹಳದಿ ಉಂಟು, ಕಂದು ಉಂಟು, ಕಿತ್ತಳೆ ಛಾಯೆಯದ್ದು ಉಂಟು, ಒಂದೇ ಕಾಡಿನಲ್ಲಿ ಬೇರೆ ಬೇರೆ ಬಣ್ಣದ್ದು ಸಿಗ್ತದೆ. ಹಾಗಾಗಿ "ಹಸಿರು ಬಣ್ಣದ ಹಾವು" ಅಂತ ಮೊದಲ ಸಾಲು ಶುರುವಾದ್ರೆ ಆ ಸಾಲೇ ತಪ್ಪು ದಾರಿಗೆ ಎಳೀತದೆ. ಇನ್ನೊಂದು ಬದಿಯಲ್ಲಿ ಕಂದು ಬಣ್ಣದ ಮಲಬಾರಿನ ಫೋಟೋ ಅಂತ ಹಾಕಿದ್ದು ನೋಡಿದ್ರೆ ಮೂತಿ ಮೇಲಕ್ಕೆ ಮೊಂಡಾಗಿ ಎದ್ದಿರುವ ಹಂಪ್ ನೋಸ್ಡ್ ಪಿಟ್ ವೈಪರ್ ಅನ್ನುವ ಇನ್ನೊಂದು ಗುಳಿಮಂಡಲ ಆಗಿರ್ತದೆ, ಅದು ಹೆಚ್ಚಾಗಿ ನೆಲದಲ್ಲಿ ತರಗೆಲೆಯ ನಡುವೆ ಇರುವಂಥದ್ದು. ಇದು ಬರೀ ಫೋಟೋದ ವಿಷಯ ಅಲ್ಲ, ಅದು ಕಚ್ಚಿದ್ರೆ ಕೆಲವರ ಕಿಡ್ನಿಗೆ ಪೆಟ್ಟು ಬೀಳ್ತದೆ, ಎರಡನ್ನೂ ಕಲಸಿ ಬರ್ದ್ರೆ ವಿಷದ ಭಾಗವೂ ಪೂರ್ತಿ ಕೆಡ್ತದೆ.

ಹೆಸರಿನ ಭಾಗಕ್ಕೆ ಬರುವ. 1854ರಲ್ಲಿ ಇದನ್ನು ವಿವರಿಸಿದ್ದು ಮದ್ರಾಸಿನ ಸೈನ್ಯದಲ್ಲಿ ಡಾಕ್ಟರಾಗಿದ್ದ ಟಿ. ಸಿ. ಜರ್ಡನ್, ಆಗ ಟ್ರೈಗೊನೊಸೆಫಾಲಸ್ ಅನ್ನುವ ಕುಲಕ್ಕೆ (ಹತ್ತಿರದ ಪ್ರಭೇದಗಳ ಗುಂಪು, ಜೀನಸ್) ಸೇರಿಸಿದ್ರು. ಆಮೇಲೆ ತುಂಬಾ ವರ್ಷ ಟ್ರೈಮೆರೆಸುರಸ್ ಮಲಬಾರಿಕಸ್ ಅಂತಲೇ ಎಲ್ಲ ಕಡೆ ಇತ್ತು, ಈಗ ಕ್ರಾಸ್ಪೆಡೊಸೆಫಾಲಸ್ ಮಲಬಾರಿಕಸ್. ವಿಕಿಯ ಮಾಹಿತಿ ಚೌಕದಲ್ಲಿ ಜರ್ಡನ್ ಹೆಸರು, ಇಸವಿ ಎರಡೂ ಕಂಸದೊಳಗೆ ಇರ್ತದೆ, ಅದು ಅಂದಕ್ಕೆ ಹಾಕಿದ್ದಲ್ಲ. ಮೊದಲು ಇಟ್ಟ ಕುಲದಿಂದ ಈಗ ಬೇರೆ ಕುಲಕ್ಕೆ ಹೋಗಿದೆ ಅಂತ ಅದರ ಅರ್ಥ, ಕುಲ ಬದಲಾಗದೇ ಇದ್ರೆ ಕಂಸ ಹಾಕ್ಲಿಕ್ಕಿಲ್ಲ. ಯಾರೋ ಬಂದು ಚಂದ ಕಾಣುದಿಲ್ಲ ಅಂತ ಕಂಸ ತೆಗೆದ್ರೆ ನೀವು ವಾಪಸ್ ಹಾಕಿ. ಹಳೇ ಹೆಸರನ್ನು ಪೂರ್ತಿ ಅಳಿಸ್ಬೇಡಿ, ಯಾಕಂದ್ರೆ ಹೆಚ್ಚಿನ ಹಳೇ ಬರಹಗಳು, ಆಸ್ಪತ್ರೆಯವರ ಲೇಖನಗಳು ಆ ಹೆಸರಲ್ಲೇ ಉಂಟು, ಅದರಲ್ಲಿ ಹುಡುಕಿದವರಿಗೂ ಈ ಪುಟ ಸಿಗುವ ಹಾಗೆ ರೀಡೈರೆಕ್ಟ್ ಮಾಡಿದ್ರಾಯ್ತು.

ಇದಕ್ಕಿಂತ ದೊಡ್ಡ ಬದಲಾವಣೆ ಆದದ್ದು 2021ರಲ್ಲಿ. ವರ್ಟಿಬ್ರೇಟ್ ಝೂಆಲಜಿ ಅನ್ನುವ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಗುಳಿಮಂಡಲಗಳ ಡಿಎನ್‌ಎ, ಮೈಕಟ್ಟು, ಹುರುಪೆ ಎಲ್ಲ ಹೋಲಿಸಿ ನೋಡಿದ ಒಂದು ಅಧ್ಯಯನ ಬಂತು. ಇಷ್ಟು ವರ್ಷ ಇಡೀ ಪಶ್ಚಿಮ ಘಟ್ಟದಲ್ಲಿ ಒಂದೇ ಅಂತ ಅಂದ್ಕೊಂಡಿದ್ದ ಮಲಬಾರ್ ಗುಳಿಮಂಡಲ ನಿಜಕ್ಕೂ ಒಂದಲ್ಲ, ಪಾಲಕ್ಕಾಡ್ ಕಣಿವೆಯ ದಕ್ಷಿಣಕ್ಕೆ ಆನೆಮಲೆ ಕಡೆ ಇರುದು ಅನಮಲ್ಲೆನ್ಸಿಸ್ ಅನ್ನುವ ಬೇರೆ ಪ್ರಭೇದ ಅಂತ ಅದರಲ್ಲಿ ತೋರಿಸಿದ್ರು. ನಮ್ಮ ಕುದುರೆಮುಖ, ಆಗುಂಬೆ, ಚಾರ್ಮಾಡಿ ಕಡೆ ಇರುದು ಮಲಬಾರಿಕಸ್ ಆಗಿಯೇ ಉಳೀತು. ಇದ್ರಿಂದ ಲೇಖನ ಸರಿಮಾಡುವವರಿಗೆ ಎಂತ ಕೆಲಸ ಬಂತು ಅಂದ್ರೆ, ಆನೆಮಲೆ ಕಡೆ ನೋಡಿ ಬರ್ದ ಹಳೇ ವಿಷಯ, ಅಲ್ಲಿ ತೆಗ್ದ ಫೋಟೋ, ಅಲ್ಲಿಯ ಉದ್ದದ ಅಳತೆ ಎಲ್ಲ ಈ ಪುಟದಲ್ಲಿದ್ರೆ ಅದು ಈಗ ಪಕ್ಕದ ಮನೆಯವರ ಸಾಮಾನು. ಪ್ರತಿ ವಾಕ್ಯದ ಆಧಾರ ಒತ್ತಿ ನೋಡ್ಬೇಕು, ಆ ಅಧ್ಯಯನ ಮಾಡಿದ್ದು ಎಲ್ಲಿ, ಯಾವ ಇಸವಿಯಲ್ಲಿ ಅಂತ. ಬೋರು ಹೊಡೆಯುವ ಕೆಲಸ ಹೌದು, ಆದ್ರೆ ಒಂದು ಮಳೆಯ ದಿನ ಕೂತ್ರೆ ಆಗುವಂಥದ್ದೇ. ಬಳ್ಳಿ ಹಾವಿಗೂ ಇದೇ ಕಥೆ, 2020ರಲ್ಲಿ ಅದನ್ನು ಹಲವು ಪ್ರಭೇದ ಅಂತ ಬಿಡಿಸಿದ್ರು, ನಾವು ಚಿಕ್ಕಂದಿನಿಂದ ಕೇಳಿದ ಅಹೆಟುಲ್ಲಾ ನಾಸುಟಾ ಅನ್ನುವ ಹೆಸರು ಈಗ ಶ್ರೀಲಂಕಾದ ಹಾವಿಗೆ ಮಾತ್ರ.

ಇನ್ನು ಕಚ್ಚುವ ವಿಷಯ. ನನ್ನ ಪ್ರಕಾರ ಇಡೀ ಲೇಖನದಲ್ಲಿ ಅತಿ ಹೆಚ್ಚು ಜನ ಓದುದು ಇದನ್ನೇ, ಅದರಲ್ಲೂ ಕೆಲವರು ರಾತ್ರಿ ಹೊತ್ತು ಗಡಿಬಿಡಿಯಲ್ಲಿ ಮೊಬೈಲ್ ಹಿಡ್ಕೊಂಡು ಓದ್ತಾರೆ. ಹಾಗಾಗಿ ಇಲ್ಲಿ ಒಂದೊಂದು ಪದಕ್ಕೂ ತೂಕ ಉಂಟು. ಎಷ್ಟೋ ಕಡೆ ಕಾಣುವ ಧಾಟಿ ಇದು: "ಈ ಹಾವಿನ ವಿಷ ಮಾರಣಾಂತಿಕವಲ್ಲ. ಇದಕ್ಕೆ ಔಷಧಿ ಇಲ್ಲ." ಎರಡೂ ವಾಕ್ಯ ಬೇರೆ ಬೇರೆ ನೋಡಿದ್ರೆ ಅರ್ಧ ನಿಜ ಅನ್ನಿಸ್ಬಹುದು, ಒಟ್ಟಿಗೆ ಓದಿದವ ಮಾತ್ರ ಆಸ್ಪತ್ರೆಗೆ ಹೋಗಿ ಎಂತ ಪ್ರಯೋಜನ ಅಂತ ಮನೆಯಲ್ಲೇ ಅರಸಿನ ಹಚ್ಚಿ ಕೂತ್ಕೊಳ್ತಾನೆ. ಅದನ್ನೇ ಹೀಗೆ ಬರೀಬಹುದು, ವಿಕಿಯಲ್ಲಿ ಗ್ರಂಥಭಾಷೆ ಬೇಕಾದ್ದರಿಂದ ಹಾಗೇ ಕೊಡ್ತೇನೆ: "ಕಚ್ಚಿದ ಜಾಗದಲ್ಲಿ ತೀವ್ರವಾದ ನೋವು ಮತ್ತು ಊತ ಉಂಟಾಗುತ್ತದೆ, ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಗುಣದಲ್ಲಿ ವ್ಯತ್ಯಾಸವಾಗಬಹುದು. ಸಾವು ಅಪರೂಪ. ಭಾರತದಲ್ಲಿ ಬಳಕೆಯಲ್ಲಿರುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲದ ವಿಷಗಳಿಂದ ತಯಾರಾಗುತ್ತದೆ. ಈ ಹಾವಿನ ವಿಷ ಅದರಲ್ಲಿ ಸೇರಿಲ್ಲ. ಆಸ್ಪತ್ರೆಯಲ್ಲಿ ಲಕ್ಷಣಗಳನ್ನು ಗಮನಿಸುತ್ತಾ ಅವುಗಳಿಗೆ ತಕ್ಕ ಚಿಕಿತ್ಸೆ ನೀಡಲಾಗುತ್ತದೆ." ಪ್ರತಿ ವಾಕ್ಯದ ಕೊನೆಗೆ ಆಧಾರ, ಅದೂ ಡಾಕ್ಟರುಗಳು ಬರ್ದ ಲೇಖನದಿಂದ, ಯಾರದ್ದೋ ಟ್ರೆಕ್ಕಿಂಗ್ ಕಥೆಯಿಂದ ಅಲ್ಲ.

ಹೀಗೆ ಮಾಡಿ, ಹಾಗೆ ಮಾಡ್ಬೇಡಿ ಅಂತ ಸಲಹೆ ಕೊಡುದು ವಿಶ್ವಕೋಶದ ಕೆಲಸ ಅಲ್ಲ, ಅದನ್ನು ಬೇರೆಯವರು ಬಂದು ತೆಗೀತಾರೆ. ನಾನಿಲ್ಲಿ ಹೇಳ್ಬಹುದಲ್ಲ, ಹೇಳ್ತೇನೆ: ಯಾವ ಹಾವೇ ಕಚ್ಚಲಿ, ಹಗ್ಗ ಬಿಗೀಬೇಡಿ, ಕೊಯ್ಯಬೇಡಿ, ಹೀರ್ಬೇಡಿ, ಉಂಗುರ ಬಳೆ ತೆಗೀರಿ, ಆ ಕೈಯನ್ನೋ ಕಾಲನ್ನೋ ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ ಹೋಗಿ. ಹಾವನ್ನು ಹಿಡಿದು ತೋರಿಸುವ ಸಾಹಸ ಬೇಡ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಕೇಸನ್ನು ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡ್ಲೇಬೇಕು ಅಂತಾಗಿದೆ, ಮುಂದೆ ಯಾವ ಹಾವಿನದ್ದು ಎಷ್ಟು ಅನ್ನುವ ಲೆಕ್ಕ ಚೆನ್ನಾಗಿ ಸಿಕ್ಕಿದ್ರೆ ಈ ಭಾಗ ಇನ್ನೂ ಗಟ್ಟಿಯಾಗ್ಬಹುದು.

ತೆಗೀಬೇಕಾದ್ದರಲ್ಲಿ ನಮ್ಮ ಊರಿಗೇ ಸಂಬಂಧಪಟ್ಟದ್ದು ಒಂದುಂಟು. ಯಾವ ಹಾವಿನ ಲೇಖನಕ್ಕೂ "ಸಂಸ್ಕೃತಿಯಲ್ಲಿ" ಅಂತ ತಲೆಬರಹ ಹಾಕಿ ಅದರ ಕೆಳಗೆ ನಾಗಬನ, ಆಶ್ಲೇಷ ಬಲಿ, ಕುಕ್ಕೆ ಸುಬ್ರಹ್ಮಣ್ಯ, ನಾಗಮಂಡಲ ಎಲ್ಲ ತುಂಬಿಸುವ ಚಟ. ತುಳುನಾಡಿನ ನಾಗಾರಾಧನೆ ದೊಡ್ಡ ವಿಷಯವೇ, ಅದಕ್ಕೆ ಪ್ರತ್ಯೇಕ ಲೇಖನ ಇರ್ಬೇಕಾದಷ್ಟು ದೊಡ್ಡದು, ಆದ್ರೆ ಅದು ನಾಗರಹಾವಿಗೆ ಸೇರಿದ್ದು. ಹೆಡೆಯೇ ಇಲ್ಲದ ಗುಳಿಮಂಡಲಕ್ಕೆ ಯಾರೂ ತಂಬಿಲ (ನಾಗನಿಗೆ ಮಾಡುವ ಪೂಜೆ) ಕೊಡುದಿಲ್ಲ. ಅಲ್ಲಿಂದ ಎತ್ತಿ ಸರಿಯಾದ ಪುಟಕ್ಕೆ ಹಾಕಿ, ಬರ್ದವರಿಗೂ ಬೇಜಾರಾಗುದಿಲ್ಲ.

ಇನ್ನು ನಿಮ್ಮ ತೋಡಿನ ಬದಿಯ ಗುಳಿಮಂಡಲ. ಅದು ಮಳೆಗಾಲದಲ್ಲಿ ಕೂತ್ಕೊಳ್ಳುವ ಜಾಗ, ಕಪ್ಪೆ ಹಿಡಿಯುವ ರೀತಿ ಎಲ್ಲ ನೀವು ಕಣ್ಣಾರೆ ನೋಡಿದ್ದೇ ಆದ್ರೂ ಅದನ್ನು ಲೇಖನದಲ್ಲಿ ಬರೀಲಿಕ್ಕಾಗುದಿಲ್ಲ, ಬೇರೆ ಕಡೆ ಪ್ರಕಟ ಆದದ್ದು ಮಾತ್ರ ಅಲ್ಲಿ ನಡೀತದೆ. ಅನ್ಯಾಯ ಅನ್ನಿಸ್ತದೆ, ಆದ್ರೆ ಈ ನಿಯಮ ಇಲ್ಲದಿದ್ರೆ ಹಾವು ಹಾಲು ಕುಡಿದದ್ದನ್ನು ಕಣ್ಣಾರೆ ನೋಡಿದವರೂ ಸಾಲಾಗಿ ಬರ್ತಾರೆ. ಫೋಟೋಕ್ಕೆ ಮಾತ್ರ ಈ ತೊಂದರೆ ಇಲ್ಲ, ನಿಮ್ಮ ನಿಜವಾದ ಕೊಡುಗೆ ಅದೇ. ವಿಕಿಪೀಡಿಯಗಳ ಫೋಟೋ ಎಲ್ಲ ಇಡುವ ವಿಕಿಮೀಡಿಯ ಕಾಮನ್ಸ್‌ಗೆ ಅಪ್ಲೋಡ್ ಮಾಡಿ, ಸಿಸಿ ಬೈ-ಎಸ್‌ಎ 4.0 ಪರವಾನಗಿ ಆರಿಸಿ. ಅದರ ಅರ್ಥ ಸರಿಯಾಗಿ ತಿಳ್ಕೊಳ್ಳಿ, ನಿಮ್ಮ ಹೆಸರು ಹಾಕಿ ಯಾರು ಬೇಕಾದ್ರೂ ಬಳಸ್ಬಹುದು, ದುಡ್ಡು ಮಾಡ್ಲಿಕ್ಕೂ ಬಳಸ್ಬಹುದು, ಆಮೇಲೆ ಬೇಡ ಅಂತ ವಾಪಸ್ ತಗೊಳ್ಳಿಕ್ಕಾಗುದಿಲ್ಲ. ವಾಟ್ಸಾಪಲ್ಲಿ ಬಂದ ಫೋಟೋ ಹಾಕ್ಲೇಬೇಡಿ, ತೆಗೆದವರೇ ಹಾಕ್ಬೇಕು. ಜನ ತಾವು ಕಂಡ ಪ್ರಾಣಿ ಗಿಡಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣದಲ್ಲಿ ಈಗಾಗ್ಲೇ ಹಾಕಿದ್ರೆ ಅಲ್ಲಿಯ ಮಾಮೂಲಿ ಸೆಟ್ಟಿಂಗು ವಾಣಿಜ್ಯ ಬಳಕೆ ಬೇಡ ಅನ್ನುವಂಥದ್ದು, ಕಾಮನ್ಸ್ ಅದನ್ನು ಒಪ್ಪುದಿಲ್ಲ, ನೀವೇ ಬದಲಾಯಿಸ್ಬೇಕು. ಐನ್ಯಾಚುರಲಿಸ್ಟಿಗೆ ಮೊದಲು ಹಾಕುದರಿಂದ ಒಂದು ಲಾಭ ಉಂಟು, ಪ್ರಭೇದ ಯಾವುದು ಅಂತ ಗೊತ್ತಿದ್ದವರು ನೋಡಿ ಹೇಳ್ತಾರೆ.

ಲೊಕೇಶನ್ ವಿಷಯದಲ್ಲಿ ಹುಷಾರು. ಮೊಬೈಲ್ ಫೋಟೋದೊಳಗೆ ಜಿಪಿಎಸ್ ಕೂತಿರ್ತದೆ, ಅದನ್ನು ತೆಗೆದು ತಾಲೂಕಿನ ಹೆಸರು ಮಾತ್ರ ಕೊಡಿ, ಸಾಕು. ಇಲ್ಲದಿದ್ರೆ ಮಳೆಗಾಲದಲ್ಲಿ ಕ್ಯಾಮೆರಾ ಹಿಡ್ಕೊಂಡು ಘಟ್ಟದ ಬುಡಕ್ಕೆ ಬರುವವರು ಸೀದಾ ನಿಮ್ಮ ತೋಡಿಗೇ ಬಂದು ಆ ಹಾವನ್ನು ಕೋಲಲ್ಲಿ ಸರಿಸಿ ಪೋಸ್ ಕೊಡಿಸ್ತಾರೆ. ಒಬ್ಬರು ಕೈಯಲ್ಲಿ ಹಿಡ್ಕೊಂಡ ಹಾವಿನ ಫೋಟೋಕ್ಕಿಂತ ರೆಂಬೆಯ ಮೇಲೆ ಅದರಷ್ಟಕ್ಕೆ ಕೂತದ್ದು ಲೇಖನಕ್ಕೆ ಎಷ್ಟೋ ಉಪಕಾರಿ. ತಲೆಯ ಬದಿಯಿಂದ ತೆಗೆದದ್ದು, ಗುಳಿ ಸರಿಯಾಗಿ ಕಾಣುವಂಥದ್ದು ಇದ್ರೆ ಬಂಗಾರ, ಆದ್ರೆ ಅದಕ್ಕೋಸ್ಕರ ಹತ್ರ ಹೋಗ್ಬೇಡಿ, ದೂರದಿಂದ ಝೂಮ್ ಮಾಡಿ ಆಮೇಲೆ ಕ್ರಾಪ್ ಮಾಡಿದ್ರಾಯ್ತು.

ಓದ್ಲಿಕ್ಕೆ ಎಂತ ಸಿಗ್ತದೆ ಅಂತ ಕೇಳ್ತೀರಿ. ಹೆಸರು ಸರಿ ಉಂಟಾ ನೋಡ್ಲಿಕ್ಕೆ ರೆಪ್ಟೈಲ್ ಡೇಟಾಬೇಸ್, ಹಳೇ ಪುಸ್ತಕ ಪತ್ರಿಕೆಗಳಿಗೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ, ನಮ್ಮ ದೇಶದ ಹೊಸ ಅಧ್ಯಯನಗಳಿಗೆ ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸ, ಎಲ್ಲ ಫ್ರೀ. ಪೇಪರಲ್ಲಿ ಬಂದ ಸುದ್ದಿ ಘಟನೆಗೆ ಆಧಾರ ಆಗ್ಬಹುದು, ಹಾವು ಯಾವುದು ಅನ್ನುದಕ್ಕೆ ಬೇಡ. ಇಂಗ್ಲಿಷ್ ವಿಕಿಯಿಂದ ಅನುವಾದ ಮಾಡ್ತೀರಾದ್ರೆ ಎಲ್ಲಿಂದ ತಗೊಂಡದ್ದು ಅಂತ ಬದಲಾವಣೆಯ ಸಾರಾಂಶದಲ್ಲಿ ಹೇಳ್ಬೇಕು, ಮತ್ತೆ ಅಲ್ಲಿರುವ ಆಧಾರವನ್ನು ನೀವೂ ತೆರೆದು ಓದಿರ್ಬೇಕು.

ಮೊದಲ ದಿನವೇ ಇಡೀ ಪುಟ ತಿದ್ದಿ ಬರೀಲಿಕ್ಕೆ ಹೋಗ್ಬೇಡಿ. ದೊಡ್ಡ ಬದಲಾವಣೆಯನ್ನು ನಿಮ್ಮ ಪ್ರಯೋಗಪುಟದಲ್ಲಿ ಮಾಡಿ ನೋಡಿ, ಚಿಕ್ಕದನ್ನು ನೇರ ಹಾಕಿ, ಪ್ರತಿ ಸಲ ಯಾಕೆ ಬದಲಾಯಿಸಿದ್ದು ಅಂತ ಒಂದು ಸಾಲು ಬರ್ದಿಡಿ. ಯಾರಾದ್ರೂ ನಿಮ್ಮದನ್ನು ತೆಗೆದ್ರೆ ಪುಟದ ಇತಿಹಾಸದಲ್ಲಿ ಕಾರಣ ನೋಡಿ. ಆಧಾರ ಇಲ್ಲ ಅಂತಿದ್ರೆ ಆಧಾರ ಸಮೇತ ವಾಪಸ್ ಹಾಕಿ, ಕಾರಣವೇ ಹೇಳದೆ ತೆಗೆದಿದ್ರೆ ಚರ್ಚೆ ಪುಟದಲ್ಲಿ ಕೇಳಿ. ಅದೇ ಫೋಟೋ 2016ರಲ್ಲಿ ಶುರುವಾದ ತುಳು ವಿಕಿಪೀಡಿಯಕ್ಕೂ ಆಗ್ತದೆ, ಕಾಮನ್ಸಲ್ಲಿ ಒಂದು ಸಲ ಹಾಕಿದ್ರೆ ಯಾವ ಭಾಷೆಯ ಪುಟದಲ್ಲೂ ಬಳಸ್ಬಹುದು.