ಬಂಡಿ ದಾರಿಗೆ ಬಂದ ಅಪಾರ್ಟ್‌ಮೆಂಟು: ಬೆಂಗಳೂರಿನ ರಸ್ತೆ ಅಗಲದ ಹಳೇ ಜಗಳ

ಬೀದಿಯವರು ಹೊಸ ಅಪಾರ್ಟ್‌ಮೆಂಟಿಗೆ ತಕರಾರು ತೆಗೆದ್ರೆ ಮೊದಲು ಬರೋ ಮಾತು, ‘ನಿಮಗೆ ಮನೆ ಆಯ್ತು, ಬೇರೆಯವರಿಗೆ ಬೇಡ್ವಾ?’ ಕೇಳಬೇಕಾದ ಪ್ರಶ್ನೆಯೇ. ಆದರೆ ಬೆಂಗಳೂರಿನಲ್ಲಿ ಜಗಳ ಇರೋದು ಹೆಚ್ಚಾಗಿ ಟೇಪಿನ ಬಗ್ಗೆ. ರಸ್ತೆಯನ್ನು ಎಲ್ಲಿ ನಿಂತು ಅಳೀತೀರಿ ಅನ್ನೋದರ ಬಗ್ಗೆ.

ಅಗಲ ರಸ್ತೆಯ ಬುದ್ಧಿ ಈ ಊರಿನಲ್ಲಿ ಗಟ್ಟಿಯಾಗಿದ್ದು ಪ್ಲೇಗಿನಿಂದ. 1898ರಲ್ಲಿ ಪೇಟೆಯ ಒತ್ತೊತ್ತು ಗಲ್ಲಿಗಳಲ್ಲಿ ಜನ ಸಾಯತೊಡಗಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳನ್ನು ಗೆರೆ ಎಳೆದ ಹಾಗೆ ಬೀದಿ ಬಿಟ್ಟು ಕಟ್ಟಿದರು. ಮನೆಗಳ ಹಿಂದೆ ಕಸ, ಮಲ ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ ಬೇರೆ.

ಆಮೇಲೆ ಆ ಬುದ್ಧಿ ಮರೆತೇ ಹೋಯ್ತು. 1976ರಲ್ಲಿ ಬಡಾವಣೆ ಮಾಡಿ ಸೈಟು ಹಂಚುವ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು, ಆದರೆ ಸೈಟಿಗೆ ಅರ್ಜಿ ಹಾಕಿ ಕಾದು ಸುಸ್ತಾದವರು ರೆವಿನ್ಯೂ ಸೈಟ್, ಅಂದರೆ ಬಡಾವಣೆ ಅನುಮತಿಯಿಲ್ಲದೆ ಹೊಲ ಕತ್ತರಿಸಿ ಮಾರಿದ ಸೈಟು, ಕೊಂಡರು. ಹೊಲವನ್ನು 30×40 ಅಡಿ ಸೈಟಾಗಿ ಕತ್ತರಿಸಿದವರು ಮಧ್ಯೆ 20 ಅಡಿ ದಾರಿ ಬಿಟ್ಟರೆ ಅದೇ ದೊಡ್ಡದು. ದಾರಿಗೆ ಬಿಟ್ಟ ಜಾಗಕ್ಕೆ ಯಾರೂ ದುಡ್ಡು ಕೊಡಲ್ಲ, ಅಲ್ವಾ? 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದಾಗ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಜಾಸ್ತಿ ಹಳ್ಳಿ ಊರೊಳಗೆ ಸೇರಿದವು. ಜೊತೆಗೆ ಅವುಗಳ ಬಂಡಿ ದಾರಿಗಳೂ ಸೇರಿದವು.

ಅದೇ ವರ್ಷ 2015ರವರೆಗಿನ ಮಾಸ್ಟರ್ ಪ್ಲಾನ್, ಅಂದರೆ ಊರು ಹೇಗೆ ಬೆಳೆಯಬೇಕು ಅನ್ನೋ ನಕ್ಷೆ, ಜಾರಿಯಾಯಿತು. ಎಷ್ಟು ಕಟ್ಟಬಹುದು ಅನ್ನೋದು ಎದುರಿನ ರಸ್ತೆ ಅಗಲದ ಮೇಲೆ. 12 ಮೀಟರ್ (ಸುಮಾರು 40 ಅಡಿ) ಒಳಗಿದ್ದರೆ ಎಫ್‌ಎಆರ್ 1.75, ಅಂದರೆ ಎಲ್ಲ ಮಹಡಿ ಸೇರಿ ಸೈಟಿನ ಅಳತೆಯ 1.75 ಪಟ್ಟು ಕಟ್ಟಬಹುದು. ರಸ್ತೆ ಅಗಲವಾದಂತೆ ಏರುತ್ತಾ ಹೋಗಿ, 30 ಮೀಟರ್ ದಾಟಿದ ಕಡೆ ದೊಡ್ಡ ಜಾಗಕ್ಕೆ 3.25ರವರೆಗೆ. ಕೇಳೋಕೆ ಸರಿಯಾಗೇ ಇದೆ. ಆದರೆ ಅಗಲದಲ್ಲಿ ಚರಂಡಿ, ಫುಟ್‌ಪಾತ್ ಎರಡೂ ಸೇರುತ್ತವೆ. ಜಾಗದ ಎದುರು ಅಗಲ ಒಂದೇ ಸಮ ಇಲ್ಲದಿದ್ದರೆ ಸರಾಸರಿ ಹಿಡಿಯುತ್ತಾರೆ. ಹಾಗಾಗಿ ಬಿಲ್ಡರ್ ತನ್ನ ಕಾಂಪೌಂಡ್ ಒಳಗೆ ಸರಿಸಿ ಎದುರಿಗೆ ಒಂದಷ್ಟು ಜಾಗ ಬಿಟ್ಟರೆ ಕಾಗದದಲ್ಲಿ ರಸ್ತೆ ದೊಡ್ಡದಾಗುತ್ತದೆ. ಅಲ್ಲಿಂದ ಮುಖ್ಯರಸ್ತೆಗೆ ಹೋಗುವ ಅರ್ಧ ಕಿಲೋಮೀಟರ್ ದಾರಿ ಮಾತ್ರ ಹಾಗೇ ಉಳಿಯುತ್ತದೆ. ಬಾಟಲಿ ಹೊಟ್ಟೆ ಅಳೆದು ಕತ್ತು ಬಿಟ್ಟ ಹಾಗೆ.

ಇದು ಯಾರಿಗೂ ಹೊಳೆಯದ ವಿಷಯ ಅಂತೇನಲ್ಲ. 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಟ್ಟಡದ ಎದುರಿನ ಬೀದಿ ಕನಿಷ್ಠ 12 ಮೀಟರ್ ಇರಬೇಕು, ಅದರ ಒಂದು ತುದಿ 12 ಮೀಟರಿಗೆ ಕಡಿಮೆಯಿಲ್ಲದ ಇನ್ನೊಂದು ಬೀದಿಗೆ ಸೇರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಬಿಡಿಸಿಯೇ ಹೇಳುತ್ತದೆ. 45 ಟನ್‌ವರೆಗೆ ತೂಗುವ ಅಗ್ನಿಶಾಮಕ ವಾಹನ ಒಳಗೆ ಬಂದು ತಿರುಗಬೇಕು, ಅದಕ್ಕೇ ಇಷ್ಟೆಲ್ಲ ಲೆಕ್ಕ. ಆದರೆ ಸಂಹಿತೆ ಬರೀ ಮಾದರಿ, ರಾಜ್ಯ ತನ್ನ ನಿಯಮದಲ್ಲಿ ತಗೊಂಡಷ್ಟೇ ಕಾನೂನು. ನಮ್ಮ ಅಗ್ನಿಶಾಮಕ ಇಲಾಖೆಯ ಬಳಿ 90 ಮೀಟರ್ ಎತ್ತರಕ್ಕೆ ಏರುವ ಏಣಿ ವಾಹನವೇ ಇದೆ. ಅದನ್ನು ತಿರುವಿನಲ್ಲಿ ಒಳಗೆ ತರೋದು ಹೇಗೆ? 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯಲ್ಲಿ ಬೆಂಕಿ ಬಿದ್ದು ಐವರು ಸತ್ತಾಗ ಗಲ್ಲಿಯ ಇಕ್ಕಟ್ಟೇ ದೊಡ್ಡ ಅಡ್ಡಿಯಾಗಿತ್ತು. ಪ್ಲೇಗ್ ಕಾಲದ ಅದೇ ಪೇಟೆ.

ಸರಿ, ಆಕ್ಷೇಪ ಹೇಳೋದು ಎಲ್ಲಿ? ಭೂ ಬಳಕೆ ಬದಲಾವಣೆ ಆಗೋದಿದ್ದರೆ ಪ್ರಕಟಣೆ ಹೊರಡಿಸಿ ಆಕ್ಷೇಪ ಕೇಳುತ್ತಾರೆ. ಪೇಪರ್‌ನ ಮೂಲೆಯಲ್ಲಿ ಬರುವ ಅದನ್ನು ಓದುವವರು ಎಷ್ಟು ಜನ? 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು, ಆದರೆ 2006ರ ಅಧಿಸೂಚನೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಕೊಟ್ಟಿದೆ. ಉಳಿದ ದಾರಿ ನಕ್ಷೆಯದು. 2031ರ ಮಾಸ್ಟರ್ ಪ್ಲಾನ್ ಕರಡು 2017ರಲ್ಲಿ ಬಂದಾಗ ಜನ ಕೂತು ಪುಟಗಟ್ಟಲೆ ಆಕ್ಷೇಪ ಬರೆದರು. 2020ರಲ್ಲಿ ಸರ್ಕಾರ ಕರಡನ್ನೇ ವಾಪಸ್ ತಗೊಂಡಿತು. ಹಾಗಾಗಿ 2007ರ ನಕ್ಷೆಯೇ ಮುಂದುವರಿಯಿತು.

ನಮ್ಮ ಬೀದಿಯವರೂ ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಹೊರಟೆವು. ಹೊಸ ಕಟ್ಟಡದ ಎದುರು 38 ಅಡಿ, ಕಿರಾಣಿ ಅಂಗಡಿ ಹತ್ತಿರ 22. ಮುಖ್ಯರಸ್ತೆಗೆ ತಿರುಗುವ ಮೂಲೆಯಲ್ಲಿ 17 ಬಂತು. ಅಲ್ಲೊಂದು ಟ್ರಾನ್ಸ್‌ಫಾರ್ಮರ್ ನಿಂತಿದೆ, ಅದನ್ನು ಕಳೆದರೆ 13. ಅರ್ಜಿಗೆ ಮೂರೂ ಕಡೆಯ ಫೋಟೋ ಅಂಟಿಸಿ ಕೊಟ್ಟಿದ್ದೇವೆ, ಟೇಪಿನ ಅಂಕಿ ಕಾಣೋ ಹಾಗೆ.