ನರ್ಸ್‌ಗಳ ಕೊರತೆ ಇದೆ, ಸರಿ. ಹುದ್ದೆ ಎಲ್ಲಿದೆ?

ನರ್ಸಿಂಗ್ ಕೋರ್ಸ್ ಮುಗಿಸಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಮಾಡಿಸಿಕೊಂಡು ಬಂದವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. "ಮೇಡಂ, ಎಲ್ಲ ಕಡೆ ನರ್ಸ್‌ಗಳಿಲ್ಲ ಅಂತಾರೆ. ಮತ್ತೆ ನನಗ್ಯಾಕೆ ಕೆಲಸ ಸಿಗ್ತಿಲ್ಲ?" ನರ್ಸ್‌ಗಳನ್ನು ಆಯ್ಕೆ ಮಾಡುವ ಕಡೆ ಕೂತವಳು ನಾನು. ಎರಡೂ ನಿಜ ಅಂತಲೇ ಹೇಳಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ನೋಡಿ. 2023ರಲ್ಲಿ ಜಗತ್ತಿನಲ್ಲಿ ಇದ್ದ ನರ್ಸ್‌ಗಳು 2.98 ಕೋಟಿ, ಕೊರತೆ 58 ಲಕ್ಷ. ಅದೇ ವರದಿ ಇನ್ನೊಂದು ಲೆಕ್ಕವನ್ನೂ ಕೊಡುತ್ತದೆ: ಶೇ 78ರಷ್ಟು ನರ್ಸ್‌ಗಳು ಇರುವುದು ಜಗತ್ತಿನ ಶೇ 49ರಷ್ಟು ಜನ ವಾಸಿಸುವ ದೇಶಗಳಲ್ಲಿ. ಒಂದು ಪ್ರದೇಶದ ಒಳಗೂ ಇದೇ ಕಥೆ. ನಗರದಲ್ಲಿ ಒಂದು ಹುದ್ದೆಗೆ ಅರ್ಜಿಗಳ ರಾಶಿ, ದೂರದ ಊರಿನ ಹುದ್ದೆಗೆ ಕೇಳುವವರೇ ಇಲ್ಲ.

ಇನ್ನೊಂದು ವಿಷಯ. ಇಷ್ಟು ಜನಕ್ಕೆ ಇಷ್ಟು ನರ್ಸ್ ಬೇಕು ಅಂತ ಕೊರತೆಯ ಲೆಕ್ಕ ಹಾಕುತ್ತಾರೆ. ಆದರೆ ಕೆಲಸ ಹುಟ್ಟಬೇಕಾದರೆ ಯಾರೋ ಸಂಬಳಕ್ಕೆ ದುಡ್ಡು ತೆಗೆದಿಟ್ಟು ಹುದ್ದೆ ಮಂಜೂರು ಮಾಡಬೇಕು. ವಾರ್ಡ್‌ನಲ್ಲಿ ಜನ ಸಾಲದೆ ಇದ್ದವರೇ ಡಬಲ್ ಡ್ಯೂಟಿ ಮಾಡುತ್ತಿರುತ್ತಾರೆ, ಕಾಗದದ ಮೇಲೆ ಮಾತ್ರ ಒಂದೂ ಹುದ್ದೆ ಖಾಲಿ ಇರುವುದಿಲ್ಲ. ಇದು ಅಪರೂಪದ ಸಂಗತಿ ಏನಲ್ಲ.

ಹಾಗಾದರೆ ಒಂದು ಪ್ರದೇಶದಲ್ಲಿ ಕೆಲಸ ಎಷ್ಟಿದೆ ಅಂತ ಅಂದಾಜು ಮಾಡುವುದು ಹೇಗೆ? ನಾನು ಮೊದಲು ಹಾಸಿಗೆಗಳನ್ನು ನೋಡುತ್ತೇನೆ. ಎಷ್ಟು ಅನ್ನುವುದಕ್ಕಿಂತ ಯಾವ ಹಾಸಿಗೆ ಅನ್ನುವುದು ಮುಖ್ಯ. 10 ಹಾಸಿಗೆಯ ಐಸಿಯು ತೆಗೆದುಕೊಳ್ಳಿ. ಇಬ್ಬರು ರೋಗಿಗಳಿಗೆ ಒಬ್ಬ ನರ್ಸ್ ಅಂದರೆ ಹಗಲೂ ರಾತ್ರಿ 5 ಜನ ಇರಲೇಬೇಕು. ವಾರಕ್ಕೆ 168 ಗಂಟೆ, ಒಬ್ಬರ ಡ್ಯೂಟಿ 40 ಗಂಟೆ. ಲೆಕ್ಕ ಹಾಕಿದರೆ 21 ಜನ ಬೇಕು. ರಜೆ, ಕಾಯಿಲೆ, ತರಬೇತಿ ಸೇರಿಸಿದರೆ ಹತ್ತಿರ ಹತ್ತಿರ 25. ಈಗ 30 ಹಾಸಿಗೆಯ ಸಾಮಾನ್ಯ ವಾರ್ಡ್ ನೋಡಿ. ಒಬ್ಬ ನರ್ಸ್‌ಗೆ 10 ರೋಗಿ ಅಂತ ಇಟ್ಟರೆ, ರಜೆ ಲೆಕ್ಕ ಬಿಟ್ಟು, 13 ಜನ ಸಾಕು! ಹೊಸ ಆಸ್ಪತ್ರೆ ಬರುತ್ತಿದೆ ಅಂತ ಕೇಳಿದಾಗ ಕಟ್ಟಡದ ಎತ್ತರ ನೋಡಿ ಖುಷಿಪಡಬೇಡಿ. ಐಸಿಯು ಎಷ್ಟು, ಓಟಿ (ಶಸ್ತ್ರಚಿಕಿತ್ಸಾ ಕೊಠಡಿ) ಎಷ್ಟು, ನವಜಾತ ಶಿಶುಗಳ ಘಟಕ ಇದೆಯಾ ಅಂತ ವಿಚಾರಿಸಿ.

ಒಬ್ಬ ನರ್ಸ್‌ಗೆ ಎಷ್ಟು ರೋಗಿ ಅನ್ನುವ ಈ ಅನುಪಾತವನ್ನು ಕಾನೂನೇ ಹೇಳಿದರೆ ಲೆಕ್ಕ ಬದಲಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಅಂಥ ನಿಯಮ ಜಾರಿಯಲ್ಲಿದೆ. ಈಗ ಅಲ್ಲಿ ಸಾಮಾನ್ಯ ವಾರ್ಡ್‌ನಲ್ಲೂ ಒಬ್ಬ ನರ್ಸ್‌ಗೆ 5ಕ್ಕಿಂತ ಜಾಸ್ತಿ ರೋಗಿಗಳನ್ನು ಕೊಡುವಂತಿಲ್ಲ. ನಿಯಮ ಇಲ್ಲದ ಕಡೆ ಖರ್ಚು ಉಳಿಸಬೇಕೆಂದಾಗ ಮೊದಲು ಕಡಿಮೆಯಾಗುವುದು ನರ್ಸ್‌ಗಳ ಸಂಖ್ಯೆಯೇ.

ಆಸ್ಪತ್ರೆಯ ಹೊರಗೂ ಕೆಲಸ ಇದೆ. ಡಯಾಲಿಸಿಸ್ ಕೇಂದ್ರಗಳನ್ನು ಹೊಸಬರು ಯಾಕೋ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಒಬ್ಬ ರೋಗಿ ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ಗಂಟೆ ಬರಬೇಕು. ಮೂತ್ರಪಿಂಡ ಕಸಿ ಆಗುವವರೆಗೆ ಅದು ನಿಲ್ಲುವಂತಿಲ್ಲ. ಹಾಗಾಗಿ ಕೆಲಸ ಏರುಪೇರಾಗುವುದು ಕಡಿಮೆ. ವಯಸ್ಸಾದವರ ಆರೈಕೆ, ಮನೆಗೆ ಹೋಗಿ ನೋಡಿಕೊಳ್ಳುವ ಕೆಲಸವೂ ಬೆಳೆಯುತ್ತಿದೆ. ಆದರೆ ನೋಂದಾಯಿತ ನರ್ಸ್‌ಗೆ ಸಹಾಯಕಿಯ ಸಂಬಳ ಕೊಡುವವರು ಅಲ್ಲಿ ಇದ್ದಾರೆ. ಹುಷಾರು.

ಇನ್ನು ಜಾಹೀರಾತುಗಳು. ಒಂದೇ ಆಸ್ಪತ್ರೆ ಒಂದೇ ವಾರ್ಡ್‌ಗೆ ಮತ್ತೆ ಮತ್ತೆ ಕರೆಯುತ್ತಿದ್ದರೆ ಅಲ್ಲಿ ಅವಕಾಶ ಜಾಸ್ತಿ ಅಂತ ಅಲ್ಲ, ಬಂದವರು ನಿಲ್ಲುತ್ತಿಲ್ಲ ಅಂತ ಅರ್ಥ. ಸಂದರ್ಶನದಲ್ಲಿ ನೇರವಾಗಿ ಕೇಳಿ: ಈ ಹುದ್ದೆ ಯಾಕೆ ಖಾಲಿಯಾಯಿತು? ಮೊದಲ ನೈಟ್ ಡ್ಯೂಟಿಯಲ್ಲಿ ನನ್ನ ಜೊತೆ ಸೀನಿಯರ್ ಯಾರಿರುತ್ತಾರೆ? ಈ ಪ್ರಶ್ನೆಗೆ ಮುಖ ಸಿಂಡರಿಸಿದರೆ ನಿಮಗೆ ಉತ್ತರ ಸಿಕ್ಕ ಹಾಗೇ.

ಫ್ರೆಷರ್‌ಗಳ ಕಷ್ಟ ಬೇರೆ. ಅನುಭವ ಇರುವವರೇ ಬೇಕು ಅಂತಾರೆ, ಅನುಭವ ಕೊಡುವವರು ಯಾರು, ಅಲ್ವಾ? ನನ್ನ ಅಭಿಪ್ರಾಯ ಕೇಳಿದರೆ, ಹೆಸರುವಾಸಿ ಆಸ್ಪತ್ರೆಗೆ ಕಾಯುತ್ತಾ ವರ್ಷ ಕಳೆಯಬೇಡಿ. ಸಣ್ಣ ಊರಿನ ಆಸ್ಪತ್ರೆಯಲ್ಲಿ ಹೆರಿಗೆ, ಅಪಘಾತ, ಹೃದಯಾಘಾತ ಎಲ್ಲವೂ ಒಂದೇ ಕೈಗೆ ಬರುತ್ತವೆ. ದೊಡ್ಡ ಕಡೆ ಅಷ್ಟು ನೋಡಲು ಹಲವು ವಿಭಾಗ ಸುತ್ತಬೇಕು. ಆದರೆ ಕಲಿಸುವ ಸೀನಿಯರ್ ಇಲ್ಲದ ಕಡೆ ಹೋಗಬೇಡಿ. ಹೊಸಬರನ್ನು ಸುಮ್ನೆ ವಾರ್ಡ್‌ಗೆ ತಳ್ಳುವುದು ನಿಮಗೂ ಅಪಾಯ, ರೋಗಿಗೂ ಅಪಾಯ.

ಕೆಲಸ ಬಿಡುವಾಗ ಅನುಭವ ಪತ್ರದಲ್ಲಿ ಯಾವ ವಾರ್ಡ್, ಎಷ್ಟು ಹಾಸಿಗೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಅಂತ ಬರೆಸಿಕೊಳ್ಳಿ. ಬರೀ "ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದ್ದಾರೆ" ಅಂತ ಇದ್ದರೆ, ಐಸಿಯುಗೆ ಆಯ್ಕೆ ಮಾಡಲು ಕೂತ ನನಗೆ ಅದರಿಂದ ಏನೂ ಗೊತ್ತಾಗುವುದಿಲ್ಲ.