ಸರ್, ನೀವೂ ಒಳಗೆ ಕೂತುಕೊಳ್ಳಿ

ಕ್ರೀಡಾ ಹಾಸ್ಟೆಲ್, ಕ್ಲಬ್, ಕಾಲೇಜುಗಳಿಂದ ನನಗೆ ಬರುವ ಫೋನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. "ಮೇಡಂ, ಈ ಜಾತಿ, ಭಾಷೆ, ಹುಡುಗ-ಹುಡುಗಿ ಭೇದದ ಬಗ್ಗೆ ನಮ್ಮ ಹುಡುಗ್ರಿಗೆ ಒಂದ್ ತಾಸು ಛಲೋತ್ನಂಗ ತಿಳಿಸಿ ಹೇಳ್ರಿ." ಹೋಗುತ್ತೇನೆ. ಬೆಳಗಿನ ಪ್ರ್ಯಾಕ್ಟೀಸ್ ಮುಗಿಸಿ ದಣಿದ ಮಕ್ಕಳು ಹಾಲ್‌ನಲ್ಲಿ ಕೂತಿರುತ್ತಾರೆ. ಕಾರ್ಯದರ್ಶಿ ಎರಡು ಮಾತಾಡುತ್ತಾರೆ, ಶಾಲು ಹೊದಿಸುತ್ತಾರೆ, ಆಮೇಲೆ ಕೋಚ್, ವಾರ್ಡನ್, ಸಮಿತಿಯವರು ಎಲ್ಲರೂ ಹೊರಗೆ ಹೋಗುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮೂರೂ ಕಡೆ ಇದೇ ಕಥೆ.

ಯಾರು ಕೇಳಬೇಕೋ ಅವರೇ ಹೊರಗೆ ಹೋದ ಮೇಲೆ ನಾನು ಯಾರಿಗೆ ಹೇಳಲಿ?

ಮಕ್ಕಳು ಜಗಳ ಆಡುತ್ತಾರೆ, ಅಡ್ಡಹೆಸರು ಇಡುತ್ತಾರೆ, ಕೆಲವೊಮ್ಮೆ ಕೆಟ್ಟ ಮಾತೂ ಆಡುತ್ತಾರೆ. ಅದನ್ನು ತಿದ್ದಬೇಕು, ಸರಿ. ಆದರೆ ನೆಟ್ಸ್, ಅಂದರೆ ಬಲೆಯೊಳಗಿನ ಕ್ರಿಕೆಟ್ ಅಭ್ಯಾಸ, ಯಾರಿಗೆ ಎಷ್ಟು ಗಂಟೆಗೆ ಅನ್ನುವುದನ್ನು ಮಕ್ಕಳು ನಿರ್ಧರಿಸುವುದಿಲ್ಲ. ಹಾಸ್ಟೆಲ್‌ನಲ್ಲಿ ಯಾರ ರೂಮಿನಲ್ಲಿ ಯಾರು ಇರಬೇಕು, ರಂಜಾನ್ ತಿಂಗಳಲ್ಲಿ ರೋಜಾ ಹಿಡಿದ ಹುಡುಗನ ಕಠಿಣ ವರ್ಕೌಟ್ ಯಾವ ಹೊತ್ತಿಗೆ, ಶೌಚಾಲಯದ ಕೀಲಿ ಯಾರ ಹತ್ತಿರ, ಕೋಚ್ ಕನ್ನಡದಲ್ಲಿ ಹೇಳಿಕೊಟ್ಟಾಗ ಮರಾಠಿ ಶಾಲೆಯಿಂದ ಬಂದ ಹುಡುಗನಿಗೆ ಅರ್ಥವಾಯಿತೋ ಇಲ್ಲವೋ, ಕೊನೆಗೆ ಹನ್ನೆರಡು ಜನರ ಪಟ್ಟಿಯಲ್ಲಿ ಯಾರ ಹೆಸರು ಇರಬೇಕು, ಇದೆಲ್ಲ ದೊಡ್ಡವರ ಕೈಯಲ್ಲಿದೆ. ಆ ಕೈಗಳನ್ನು ಬಿಟ್ಟು ಉಳಿದವರಿಗೆಲ್ಲ ಪಾಠ ಮಾಡಿದರೆ ಮೈದಾನದಲ್ಲಿ ಏನೂ ಬದಲಾಗುವುದಿಲ್ಲ.

ವಿಜಯಪುರದ ಕಡೆಯ ಒಂದು ಕ್ರಿಕೆಟ್ ಕ್ಲಬ್ಬಿನವರು ಕರೆದಿದ್ದರು. ಒಳ್ಳೆಯ ಜನ. ಭಾರತ ತಂಡಕ್ಕೆ ಆಡಿದ ತಮ್ಮ ಊರಿನ ಬೌಲರ್ ರಾಜೇಶ್ವರಿ ಗಾಯಕವಾಡ ಎಂದರೆ ಅವರಿಗೆ ಜೀವ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಅವರು 15 ರನ್ ಕೊಟ್ಟು 5 ವಿಕೆಟ್ ತೆಗೆದದ್ದನ್ನು ನೆನಪಿನಿಂದಲೇ ಬಾಲ್ ಬಾಲ್ ಲೆಕ್ಕದಲ್ಲಿ ಹೇಳಿದರು. "ಆದ್ರ ಈಗಿನ ಹುಡುಗ್ಯಾರಿಗೆ ಆಸಕ್ತಿನ ಇಲ್ಲ ನೋಡ್ರಿ ಮೇಡಂ, ಎರಡ್ ತಿಂಗಳಿಗೆ ಬಿಟ್ಟು ಬಿಡ್ತಾರ" ಅಂತ ಬೇಜಾರು ಮಾಡಿಕೊಂಡರು. ವೇಳಾಪಟ್ಟಿ ತರಿಸಿ ನೋಡಿದೆ. ಹುಡುಗರ ನೆಟ್ಸ್ ಮೊದಲು, ಹುಡುಗಿಯರದ್ದು ಕೊನೆಗೆ. ಮುಗಿಯುವ ಹೊತ್ತಿಗೆ ಹಳ್ಳಿಗೆ ಹೋಗುವ ಬಸ್ ಹೋಗಿರುತ್ತದೆ. ಯಾರ ಅಪ್ಪ ಬೈಕ್ ತಂದು ಕಾಯಬಲ್ಲನೋ ಆ ಹುಡುಗಿ ಮಾತ್ರ ಉಳಿದಳು. ಇದಕ್ಕೆ ಉಪನ್ಯಾಸ ಬೇಕಾಗಿರಲಿಲ್ಲ, ಅಲ್ವಾ? ಹುಡುಗಿಯರದ್ದನ್ನು ಮೊದಲು ಇಡಿ ಅಂದೆ. ಇಟ್ಟರು.

ಇಷ್ಟು ಹೇಳಿದರೆ ಒಂದು ಉತ್ತರ ಬರುತ್ತದೆ. "ನಮ್ಮಲ್ಲಿ ಭೇದ-ಗೀದ ಏನೂ ಇಲ್ಲರೀ, ಮೈದಾನಕ್ಕ ಬಂದ್ರ ಎಲ್ಲಾರೂ ಒಂದ." ಮನಸ್ಸಿನಿಂದಲೇ ಹೇಳುತ್ತಾರೆ. ಅದಕ್ಕೇ ನಾನು ಮನಸ್ಸಿನ ಮಾತು ಬಿಟ್ಟು ರಿಜಿಸ್ಟರ್ ಕೇಳುತ್ತೇನೆ. ಬಾಗಲಕೋಟೆ ಜಿಲ್ಲೆಯ ಒಬ್ಬ ಕಬಡ್ಡಿ ಕೋಚ್ ಹಳೆಯ ಹಾಜರಿ ಪುಸ್ತಕ, ಆಯ್ಕೆ ಪಟ್ಟಿ ಎರಡನ್ನೂ ತಂದಿದ್ದರು. ಹಾಜರಿ ಕಡಿಮೆ ಇದ್ದರೆ ಆಯ್ಕೆ ಇಲ್ಲ, ಎಲ್ಲರಿಗೂ ಒಂದೇ ನಿಯಮ. ಯಾರ ಹೆಸರು ಯಾವ ತಿಂಗಳಲ್ಲಿ ಬಿಟ್ಟುಹೋಗಿದೆ ಅಂತ ಅವರಿಂದಲೇ ಓದಿಸಿದೆ. ದೀಪಾವಳಿ ಆದ ಮೇಲೆ ಲಂಬಾಣಿ ತಾಂಡಾದ ಮಕ್ಕಳ ಹೆಸರು ಒಂದೊಂದಾಗಿ ಖಾಲಿ. ಅಪ್ಪ-ಅಮ್ಮ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ವಾಪಸ್ ಬರುವಷ್ಟರಲ್ಲಿ ಆಯ್ಕೆ ಮುಗಿದಿರುತ್ತದೆ. ಓದುತ್ತಾ ಓದುತ್ತಾ ಕೋಚ್ ಸುಮ್ಮನಾದರು. ಆ ಮಕ್ಕಳಲ್ಲಿ ಒಬ್ಬ ಹುಡುಗಿಗೆ ಸ್ವಂತ ದುಡ್ಡಿನಲ್ಲಿ ಶೂ ಕೊಡಿಸಿದವರು ಅವರೇ. ಅವರಲ್ಲಿ ದ್ವೇಷ ಹುಡುಕಿದರೆ ಒಂದು ಚೂರೂ ಸಿಗುವುದಿಲ್ಲ. ಆದರೂ ಅವರ ನಿಯಮ ಪ್ರತಿವರ್ಷ ಒಂದೇ ಸಮುದಾಯದ ಮಕ್ಕಳನ್ನು ಹೊರಗೆ ಇಡುತ್ತಿತ್ತು. ಊರಿಗೆ ವಾಪಸ್ ಬಂದವರಿಗೆ ಬೇರೆ ಟ್ರಯಲ್ಸ್ ಇಡೋಣ ಅಂತ ಅವರೇ ಬರೆದು ಸಮಿತಿಗೆ ಕೊಟ್ಟಿದ್ದಾರೆ. ಸಮಿತಿ ಇನ್ನೂ ಒಪ್ಪಿಲ್ಲ. ಆ ಸಮಿತಿಯವರು ಅವತ್ತು ಒಳಗೆ ಕೂತಿರಲಿಲ್ಲ.

ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ದಲಿತ ಬೌಲರ್ ಪಾಲ್ವಂಕರ್ ಬಾಲೂ ಅವರ ಕಥೆಯನ್ನು ಇಂಥ ಕಡೆ ನಾನು ಹೇಳುತ್ತೇನೆ. ಪುಣೆಯಲ್ಲಿ ಅವರ ಎಡಗೈ ಸ್ಪಿನ್ ಎಲ್ಲರಿಗೂ ಬೇಕಿತ್ತು. ಚಹಾ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕೆಟ್ ಮೇಲೆ ವಿಕೆಟ್ ತೆಗೆದು ಬಂದರೂ ಧರ್ಮಕ್ಕೊಂದು ತಂಡ ಇದ್ದ ಆ ಕಾಲದ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅವರ ತಮ್ಮ ವಿಠ್ಠಲ್‌ಗೆ 1923ರಲ್ಲಿ ಸಿಕ್ಕಿತು. ಮೈದಾನದೊಳಗೆ ಎಲ್ಲರೂ ಒಂದೇ ಚೆಂಡಿನಲ್ಲಿ ಆಡಿದರು. ಚಹಾ ಎಲ್ಲಿ, ನಾಯಕ ಯಾರು ಅನ್ನುವುದನ್ನು ನಿರ್ಧರಿಸಿದವರು ಜಿಮ್ಖಾನಾ ಅನ್ನುವ ಕ್ರೀಡಾ ಕ್ಲಬ್ಬಿನ ಸಮಿತಿ ಕೋಣೆಯಲ್ಲಿದ್ದರು.

ಕಡ್ಡಾಯವಾಗಿ ಕೂರಿಸಿ ಭಾಷಣ ಮಾಡಿದರೆ ಉಪಯೋಗ ಕಡಿಮೆ ಅನ್ನುವುದು ನನ್ನೊಬ್ಬಳ ಮಾತಲ್ಲ. ಸಮಾಜವಿಜ್ಞಾನಿಗಳಾದ ಫ್ರಾಂಕ್ ಡಾಬಿನ್, ಅಲೆಕ್ಸಾಂಡ್ರಾ ಕಾಲೆವ್ ಅಮೆರಿಕದ ಕಂಪನಿಗಳ ಬಗ್ಗೆ 2016ರಲ್ಲಿ ಇದನ್ನೇ ಬರೆದರು. ಹೊಣೆ ಹೊತ್ತ ಒಬ್ಬ ವ್ಯಕ್ತಿ, ಕೈಹಿಡಿದು ಬೆಳೆಸುವ ಹಿರಿಯರು, ಇವು ತರಬೇತಿಗಿಂತ ಜಾಸ್ತಿ ಕೆಲಸ ಮಾಡಿವೆ ಅನ್ನುವುದು ಅವರ ಮಾತು. ಕಂಪನಿ ಬೇರೆ, ಹಾಸ್ಟೆಲ್ ಬೇರೆ, ಒಪ್ಪುತ್ತೇನೆ. ಆದರೆ ನಾನು ಕಂಡದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ.

ಕಾನೂನಿನ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ, ವಿವರಕ್ಕೆ ನಿಮ್ಮ ವಕೀಲರನ್ನು ಕೇಳಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕ್ರೀಡಾ ಸಂಸ್ಥೆ, ಸ್ಟೇಡಿಯಂ, ಪಂದ್ಯ ನಡೆಯುವ ಜಾಗವನ್ನು ಹೆಸರಿಸಿಯೇ ಕೆಲಸದ ಸ್ಥಳ ಎಂದು ಸೇರಿಸಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಹೊರಗಿನವರೊಬ್ಬರು ಸದಸ್ಯರು. ಜನ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. 18 ವರ್ಷದೊಳಗಿನ ಮಗುವಿನ ವಿಷಯವಾದರೆ ಮಾತ್ರ "ನಾವೇ ಕೂತು ಬಗೆಹರಿಸ್ತೀವಿ" ಅನ್ನಲು ನಿಮಗೆ ಅಧಿಕಾರವೇ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಸಂಸ್ಥೆಯ ಮಾನ ಹೋಗುತ್ತದೆ ಅಂತ ಹಿಂಜರಿಯುವವರನ್ನು ಕಂಡಾಗ ನನಗೆ ತಾಳ್ಮೆ ಉಳಿಯುವುದಿಲ್ಲ. ಮನೆ ಬಿಟ್ಟು ಬಂದ ಹನ್ನೆರಡು ವರ್ಷದ ಹುಡುಗಿಗೆ ಆ ಹಾಸ್ಟೆಲ್‌ನಲ್ಲಿ ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ?

ಮಕ್ಕಳ ಜೊತೆಗೂ ಕೂರುತ್ತೇನೆ, ಆದರೆ ಬೇರೆಯಾಗಿ, ಕೋಚ್ ಇಲ್ಲದಾಗ. ಯಾರಿಗೆ ಹೇಳಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಹೇಗೆ ಫೋನ್ ಮಾಡಬೇಕು ಅಂತ ಹೇಳಿಕೊಡುತ್ತೇನೆ. ಅದಕ್ಕೆ ಒಂದು ತಾಸು ಸಾಕು.

ದೊಡ್ಡವರಿಗೆ ಅರ್ಧ ದಿನ ಬೇಕು. ಕೋಚ್, ವಾರ್ಡನ್, ಕಾರ್ಯದರ್ಶಿ, ಆಯ್ಕೆ ಸಮಿತಿಯವರು ಎಲ್ಲರೂ ಇರಬೇಕು. ಹಾಜರಿ ಪುಸ್ತಕ, ಕಳೆದ ಮೂರು ವರ್ಷದ ಆಯ್ಕೆ ಪಟ್ಟಿ, ರೂಮ್ ಹಂಚಿಕೆ, ಪ್ರ್ಯಾಕ್ಟೀಸ್ ವೇಳಾಪಟ್ಟಿ ಟೇಬಲ್ ಮೇಲೆ ಇರಲಿ. ಶಾಲು, ಹಾರ ಬೇಡ. ಆಯ್ಕೆ ಸಮಿತಿಯವರಿಗೆ ಆ ದಿನ ಪುರುಸೊತ್ತಿಲ್ಲ ಅಂದರೆ ಬೇರೆ ತಾರೀಖು ಹೇಳಿ, ನಾನು ಅವತ್ತೇ ಬರುತ್ತೇನೆ.